ಕಾಲಿಗೆ ತಿಳಿಯುವ ಮನೆ

ಓಣಿಯಲ್ಲಿ ನನಗೆ ಮೊದಲು ಬಂದ ಹೆಸರು ಸೊಕ್ಕಿನವಳು ಎಂದು. ಕುರುಡಿ ಎಂಬುದು ಆಮೇಲೆ ಬಂತು. ನಿಜ ಹೇಳಬೇಕೆಂದರೆ ಮೊದಲಿನದೇ ಹೆಚ್ಚು ಉರಿಸಿತು. ಎದುರಿಗೆ ಬಂದವರು ನನಗೆ ಕಾಣುತ್ತಿದ್ದರು, ಮಗ್ಗುಲಲ್ಲಿ ನಿಂತು ನಕ್ಕವರು ಕಾಣುತ್ತಿರಲಿಲ್ಲ. ನಳದ ಹತ್ತಿರ ಕೊಡ ಇಟ್ಟುಕೊಂಡು ನಿಂತ ಹೆಂಗಸರು ಕೈಮಾಡಿ ಕರೆದರೂ ನಾನು ನೆಟ್ಟಗೆ ನೋಡುತ್ತ ಹೋಗಿಬಿಡುತ್ತಿದ್ದೆ. "ಗಂಡ ಕಚೇರಿಯಾಗ ಕಾರಕೂನ ಅದಾನಂತ ಇಕಿ ಕಣ್ಣ ನೆತ್ತಿಗೇರ್ಯಾವ ನೋಡ" ಎಂದು ಒಬ್ಬಳು ಅಂದದ್ದು ಬೆನ್ನ ಹಿಂದೆ ಕೇಳಿಸಿತು. ಕೊಡ ಅಲ್ಲೇ ಕುಕ್ಕಿ ಜಗಳ ತೆಗೆದೆ. ನನ್ನ ನಾಲಿಗೆ ಆಗಲೂ ಚುರುಕು, ಈಗಲೂ ಚುರುಕು. ಅದಕ್ಕೆ ಯಾವ ರೋಗವೂ ಬಂದಿಲ್ಲ.

ಇದನ್ನು ನಾನು ಹೇಳುತ್ತಿದ್ದೇನೆ, ಮಗಳು ಕಮಲಿ ಬರೆದುಕೊಳ್ಳುತ್ತಿದ್ದಾಳೆ. ಹೇಳಲು ಕಾರಣ ದೊಡ್ಡದೇನಲ್ಲ. ಮಿರಜದ ದವಾಖಾನೆಯ ಪಡಸಾಲೆಯಲ್ಲಿ ಕೂತಿದ್ದಾಗ, ನನ್ನಂಥ ಇನ್ನೊಬ್ಬಳು ಮುಂದೆ ಹೇಗೆ ಬದುಕಿದಳು ಎಂದು ಯಾರಾದರೂ ಹೇಳಬಾರದೇ ಎಂದು ಜೀವ ಹಂಬಲಿಸಿತ್ತು. ಯಾರೂ ಹೇಳಲಿಲ್ಲ. ಆ ಬೆಂಚಿನ ಮೇಲೆ ಈಗ ಯಾರು ಕೂತಿದ್ದಾರೋ ಅವರಿಗಾಗಿ ಇದು.

ಆಗ ಯುದ್ಧ ನಡೆದಿತ್ತು. ವಿಜಾಪುರದ ಪೇಟೆಯಲ್ಲಿ ಒಂದು ಬಾಡಿಗೆ ಮನೆಯ ಮಹಡಿಯ ಮೇಲೆ ನಾವು ಮೂವರು ಇದ್ದೆವು. ಇವರು, ನಾನು, ಐದು ವರ್ಷದ ಕಮಲಿ. ಕಟ್ಟಿಗೆಯ ಕಡಿದಾದ ಮೆಟ್ಟಿಲು. ನೀರು ಕೆಳಗಿನಿಂದ ಹೊರಬೇಕು. ದೀಪ ಹಚ್ಚಿದರೆ ಅದರ ಸುತ್ತ ಬಣ್ಣಬಣ್ಣದ ಬಳೆ ಕಾಣುತ್ತಿತ್ತು. ಚಿಮಣಿ ಎಣ್ಣೆಯಲ್ಲಿ ಏನೋ ಬೆರೆಸುತ್ತಾರೆ, ಯುದ್ಧದ ಕಾಲ, ಎಂದುಕೊಂಡೆ. ರೊಟ್ಟಿಯ ಒಂದು ಅಂಚು ಹಂಚಿನ ಮೇಲೆ ಕರಕಾಗುತ್ತಿತ್ತು, ನನಗೆ ಆ ಅಂಚೇ ಕಾಣುತ್ತಿರಲಿಲ್ಲ. ಒಂದು ಮುಂಜಾನೆ ಕಾದ ನೀರಿನ ತಪೇಲಿ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ. ಕಮಲಿ ಮಧ್ಯದ ಮೆಟ್ಟಿಲ ಮೇಲೆ ಕೂತು ಗಜಗ ಆಡುತ್ತಿದ್ದಳು. ನಾನು ಅವಳ ಕೈ ತುಳಿದೆ. ಅವಳು ಚೀರಿದಳು, ನಾನು ತಪೇಲಿಯನ್ನು ಆಚೆ ಗೋಡೆಯ ಕಡೆ ಎಸೆದೆ. ನೀರೆಲ್ಲ ಗೋಡೆಗೆ, ನನ್ನ ಕಾಲಿಗೆ. ಮಗುವಿನ ಮೇಲೆ ಒಂದು ಹನಿ ಬೀಳಲಿಲ್ಲ. ಮೆಟ್ಟಿಲ ಮೇಲೆ ಕೂತು ನಾನು ಅತ್ತದ್ದು ಸುಟ್ಟ ಕಾಲಿಗಲ್ಲ. ಐದು ವರ್ಷದ ಕೂಸು ಎರಡು ಮೊಳದ ದೂರದಲ್ಲಿದ್ದರೂ ನನಗೆ ಕಂಡಿರಲಿಲ್ಲ.

ಊರಿನ ಡಾಕ್ಟರು ನೋಡಿ, ಮಿರಜಕ್ಕೆ ಹೋಗಿರಿ, ತಡ ಮಾಡಬೇಡಿರಿ ಎಂದರು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನ ಮೇಲೆ ಓಡುತ್ತಿದ್ದ ಕಾಲ ಅದು. ತಿಕೋಟಾ ಮುಟ್ಟುವಷ್ಟರಲ್ಲಿ ನಮ್ಮ ಬಸ್ಸು ಎರಡು ಸಲ ನಿಂತಿತು. ತಿಕೋಟಾ ನನ್ನ ತವರು. ಅಣ್ಣ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು ಬಸ್ಸಿನ ಹತ್ತಿರ ಬಂದು ನಿಂತಿದ್ದ. ಕಿಟಕಿಯಿಂದ ಗಂಟು ಕೊಡುತ್ತ, "ಏನೂ ಆಗಂಗಿಲ್ಲ, ತಂಗೀ" ಎಂದ. ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದ ಕೂಡಲೇ ಹೆದರಿಕೆ ಯಾಕೆ ಹೆಚ್ಚುತ್ತದೋ ನನಗೆ ಇವತ್ತಿಗೂ ಗೊತ್ತಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಎರಡು ದಿನ ಕಾದೆವು. ಹಸಿರು ಪಟ್ಟಿ ಕಟ್ಟಿಕೊಂಡವರು, ಕಣ್ಣಿಗೆ ಸೆರಗು ಒತ್ತಿಕೊಂಡವರು. ಹೆಸರು ಕರೆದಾಗ ಅಲ್ಲಿ ಯಾರೂ ಮುಖ ತಿರುಗಿಸುತ್ತಿರಲಿಲ್ಲ, ಕಿವಿ ತಿರುಗಿಸುತ್ತಿದ್ದರು. ಪಕ್ಕದಲ್ಲಿ ಜತ್ತದ ಕಡೆಯ ಮುದುಕಿಯೊಬ್ಬಳು ಕೂತಿದ್ದಳು. ಪೂರಾ ಕುರುಡಿ. ಅವಳು ನನ್ನ ಸೆರಗನ್ನು ಬೆರಳಲ್ಲಿ ಉಜ್ಜಿ, "ಇಳಕಲ್ಲಿಂದು" ಎಂದಳು. ಆಮೇಲೆ ತನ್ನ ಮಡಿಲಿನ ಚುರುಮುರಿಯಲ್ಲಿ ಅರ್ಧವನ್ನು ಸರಿಯಾಗಿ ನನ್ನ ಅಂಗೈಗೇ ಹಾಕಿದಳು, ಒಂದು ಕಾಳೂ ಚೆಲ್ಲಲಿಲ್ಲ. ಆ ದಿನ ನನಗೆ ಸಿಕ್ಕ ಸಮಾಧಾನ ಅದೊಂದೇ.

ಒಳಗೆ ಡಾಕ್ಟರು ನನ್ನ ಒಂದು ಕಣ್ಣು ಮುಚ್ಚಿಸಿ, "ನನ್ನ ಮೂಗ ನೋಡ್ರಿ. ಮಗ್ಗಲದಿಂದ ಬೆರಳ ತರತೇನಿ, ಕಂಡ ಕೂಡ್ಲೆ ಹೇಳ್ರಿ" ಎಂದರು. ನಾನು ನೋಡುತ್ತ ಕೂತೆ. ಎಷ್ಟು ಹೊತ್ತಾದರೂ ಬೆರಳು ಬರಲಿಲ್ಲ. ನನಗೆ ಸಿಟ್ಟು ಬಂತು.

"ಯಾವಾಗ ತರತೀರಿ ಬೆರಳ?"

"ತಂದೇನ್ರಿ ಅವ್ವಾ" ಎಂದರು ಅವರು ಮೆಲ್ಲಗೆ. "ನಿಮ್ಮ ಗಲ್ಲದ ಹತ್ರಾನ ಐತಿ."

ಮೋತಿಬಿಂದುವಾಗಿದ್ದರೆ ತೆಗೆಯಬಹುದಿತ್ತಂತೆ. ನನ್ನದು ಕಾಚಬಿಂದು, ನೋಟವನ್ನು ಅಂಚಿನಿಂದ ತಿನ್ನುತ್ತ ಬರುವ ರೋಗ. ಬಲಗಣ್ಣಿಗೆ ಕತ್ತರಿ ಆಡಿಸಿದರು, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು, ಹುಬ್ಬು ಸಿಡಿಯುವಂಥ ಹನಿ ಹಾಕಿದರು. ಬಿಡುವ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡರು.

"ಹೋದ ನೋಟ ತಿರುಗಿ ತರಾಕ ನನ್ನ ಕೈಲೆ ಆಗಂಗಿಲ್ರಿ. ಉಳದದ್ದನ್ನ ಕೆಲವು ವರ್ಷ ಹಿಡಿದಿಡಬಹುದು. ಮನಿ ಎಂಥಾದೈತಿ ನಿಮ್ದು?"

"ಬಾಡಿಗಿ ಮನಿ ರೀ, ಮಹಡಿ ಮ್ಯಾಲೆ" ಎಂದೆ.

"ಅದನ್ನ ಬಿಡ್ರಿ. ಕಣ್ಣ ಇರೂತನಕ ಮನಿ ಹುಡಿಕ್ಕೋರಿ. ಹೋದಮ್ಯಾಲೆ ಹುಡಕಾಕ ಬರಂಗಿಲ್ಲ."

ಮನೆ ಮುಟ್ಟಿದ ಮೇಲೆ ಇವರು, ಕೋಟು ಗೂಟಕ್ಕೆ ಹಾಕುತ್ತ, "ಅಂವ ಏನ ದೇವರಲ್ಲ. ಮನಿ ಬಿಡೂ ಮಾತ ತಗೀಬ್ಯಾಡ" ಎಂದರು. ನಾನು ಎಷ್ಟೋ ದಿನ ಇವರನ್ನು ಕಲ್ಲೆದೆಯವರು ಎಂದು ಬೈದುಕೊಂಡೆ. ಮನೆ ಬದಲಿಸಿದರೆ ರೋಗವನ್ನು ಒಪ್ಪಿಕೊಂಡಂತೆ ಎಂದು ಇವರು ಹೆದರಿದ್ದರು. ಒಪ್ಪಿಕೊಳ್ಳದಿದ್ದರೆ ಅದು ಬರುವುದೇ ಇಲ್ಲವೇನೋ ಎಂಬ ಹುಚ್ಚು ಆಸೆ. ಕಣ್ಣಿಗೆ ಹನಿ ಹಾಕುವಾಗ ಮಾತ್ರ ಇವರ ಗುರಿ ತಪ್ಪುತ್ತಿತ್ತು, ಒಂದು ಹನಿ ಕಣ್ಣಿಗೆ, ಎರಡು ಕೆನ್ನೆಗೆ.

ನನಗೆ ಬೇಕಾದದ್ದು ಒಂದೇ ಇತ್ತು. ಯಾರ ಕೈಯನ್ನೂ ಹಿಡಿಯದೆ ಒಲೆಯ ತನಕ ಹೋಗಬೇಕು, ನಾನೇ ರೊಟ್ಟಿ ಬಡಿಯಬೇಕು, ನನ್ನ ಮಗಳಿಗೆ ನಾನೇ ಬಡಿಸಬೇಕು. ಮೂಲೆಯಲ್ಲಿ ಕೂತು, ಯಾರಾದರೂ ತಾಟು ತಂದಿಟ್ಟಾಗ ಉಣ್ಣುವ ಬದುಕು ನನಗೆ ಬೇಡವಾಗಿತ್ತು. ಅಂಥ ಒಂದು ಮನೆ ಸಿಗದಿದ್ದರೆ ನಾನು ಮೂವತ್ತಕ್ಕೇ ಮುದುಕಿ.

ಅಣ್ಣ ತಿಕೋಟಾಕ್ಕೆ ಬಾ ಎಂದ. ಎರಡು ದಿನ ಇದ್ದು ನೋಡಿದೆ. ನಮ್ಮ ಕಡೆಯ ಮನೆಗಳಲ್ಲಿ ತಲಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಅಂಕಣ. ಎತ್ತು ಇವತ್ತು ಈ ಕಡೆ ಮಲಗಿದರೆ ನಾಳೆ ಆ ಕಡೆ. ಅಣ್ಣನ ಹೆಂಡತಿ ಒಳ್ಳೆಯವಳೇ, ಆದರೆ ಅಣ್ಣ "ಇಲ್ಲೇ ಇರ್ಲಿ" ಎಂದಾಗಲೆಲ್ಲ ಅವಳಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ನಾನು ವಾಪಸು ಬಂದೆ.

ಕಡೆಗೆ ಇವರು ಮಣಿದರು. ಮಣಿದದ್ದು ನನ್ನ ಮಾತಿಗಲ್ಲ, ಕಮಲಿಯ ಮಾತಿಗೆ. ಅವಳು ಒಂದು ದಿನ ಓಣಿಯ ಹುಡುಗಿಗೆ, "ಮೆಟ್ಟಲದಾಗ ಕೂಡಬ್ಯಾಡ, ನಮ್ಮವ್ವ ತುಳೀತಾಳ" ಎಂದು ಹೇಳುತ್ತಿದ್ದುದನ್ನು ಇವರು ಕೇಳಿಸಿಕೊಂಡರು. ಮರುದಿನದಿಂದಲೇ ಕಚೇರಿ ಬಿಟ್ಟ ಮೇಲೆ ಮನೆ ಹುಡುಕಲು ಹೊರಟರು. ಗೋಲಗುಮ್ಮಟದ ಕಡೆ ಹೊಸದಾಗಿ ಕಟ್ಟಿದ ಒಂದು ಮನೆ ಸಿಕ್ಕಿತು. ಸಿಮೆಂಟಿನ ನೆಲ, ಕನ್ನಡಿಯ ಹಾಗೆ ನುಣುಪು. ಒಳಗೆ ಒಂದೂ ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ದೊಡ್ಡ ಪಡಸಾಲೆ, ಬೆಳಕೋ ಬೆಳಕು. ನನಗೆ ಕಣ್ಣು ತುಂಬಿ ಬಂತು. ಎಡವದ ಮನೆ ಎಂದರೆ ಇದೇ ಎಂದೆ. ಹಬ್ಬ ಮುಗಿದ ಮೇಲೆ ಬರುತ್ತೇವೆ ಎಂದು ಇವರು ಮನೆಯ ಮಾಲಕನಿಗೆ ಮಾತು ಕೊಟ್ಟರು.

ಅಷ್ಟರಲ್ಲಿ ಬಬಲೇಶ್ವರದಿಂದ ಅತ್ತೆಯ ಹೇಳಿಕೆ ಬಂತು. ಸೊಸೆ ಕುರುಡಿಯಾಗುವುದಿದ್ದರೆ ಪರರ ಮನೆಯಲ್ಲಿ ಯಾಕೆ ಆಗಬೇಕು, ತನ್ನ ಮನೆಯಲ್ಲಿ ಆಗಲಿ ಎಂದು. ಅತ್ತೆಯ ಮಾತು ಹಾಗೆಯೇ, ಮೇಲೆ ಸಿಪ್ಪೆ ಬಿರುಸು. ಕಮಲಿಯನ್ನು ಕರೆದುಕೊಂಡು ಹದಿನೈದು ದಿನಕ್ಕೆಂದು ಹೋದೆ. ಅತ್ತೆ ನನ್ನನ್ನು ಕೂತಲ್ಲಿಂದ ಏಳಗೊಡಲಿಲ್ಲ. ಒಲೆಯ ಹತ್ತಿರ ಹೋದರೆ "ಬ್ಯಾಡ ಬೇ, ಸೀರಿ ಹತ್ಗೊಂಡೀತು". ಬಾವಿಯ ಕಡೆ ಹೋದರೆ "ಬ್ಯಾಡ ಬೇ, ಬಿದ್ದಗಿದ್ದೀ". ಹಾದಿಯಲ್ಲಿದ್ದ ಕೊಡ, ಬುಟ್ಟಿ, ಮಣೆ ಎಲ್ಲವನ್ನೂ ದಿನಾ ಎತ್ತಿ ಬೇರೆ ಬೇರೆ ಕಡೆ ಇಡುತ್ತಿದ್ದರು, ನನಗೆ ತಾಗಬಾರದೆಂದು. ನಿನ್ನೆ ಕಲಿತ ಮನೆ ಇವತ್ತು ಇರುತ್ತಿರಲಿಲ್ಲ. ಅದು ಪ್ರೀತಿ ಎಂದು ಗೊತ್ತಿತ್ತು, ಆದರೂ ಹಲ್ಲು ಕಚ್ಚಿಕೊಂಡು ಇದ್ದೆ.

ಆ ಮನೆಯ ಅಂಗಳದಲ್ಲಿ ಹಗೇವು ಇತ್ತು. ನೆಲದೊಳಗೆ ಎರಡಾಳು ಆಳ ತೋಡಿ ಜೋಳ ತುಂಬಿ ಬಾಯಿ ಮುಚ್ಚಿಡುವ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ. ಜೋಳ ತೆಗೆಯುವ ದಿನ ಮುಂಜಾನೆ ಬಾಯಿ ತೆರೆದು ಅರ್ಧ ದಿನ ಹಾಗೆಯೇ ಬಿಡುತ್ತಾರೆ. ಒಳಗಿನ ಕೆಟ್ಟ ಗಾಳಿ ಹೋಗದೆ ಯಾರೂ ಇಳಿಯುವಂತಿಲ್ಲ, ಇಳಿದರೆ ಉಸಿರುಗಟ್ಟಿ ಸಾಯುತ್ತಾರೆ. ಅಲ್ಲಿಯ ತನಕ ಬಾಯಿಯ ಸುತ್ತ ಜಾಲಿಯ ಮುಳ್ಳುಕಂಟಿ ಹಾಕಿಡುವುದು ಊರಿನ ರೂಢಿ. ಮಕ್ಕಳಿಗೂ ಗೊತ್ತು, ಮುಳ್ಳು ಕಂಡರೆ ಸುತ್ತು ಹಾಕಿ ಹೋಗಬೇಕು.

ಆ ದಿನ ಹಗೇವು ತೆಗೆದದ್ದು ನನಗೆ ಗೊತ್ತಿರಲಿಲ್ಲ. ಬಿಸಿಲು ಏರಿತ್ತು. ಒಳಗೆ ಕೂತಿದ್ದವಳಿಗೆ ಅಂಗಳದ ಆಚೆಯಿಂದ ಕಮಲಿಯ ಚೀರಾಟ ಕೇಳಿಸಿತು. "ಅವ್ವಾ, ಮುಳ್ಳ ನಟ್ಟೈತಿ!" ಹೊರಗೆ ಓಡಿದೆ. ಕೊಟ್ಟಿಗೆಯ ಗೋಡೆಯ ಹತ್ತಿರ ಕಾಲು ಹಿಡಿದುಕೊಂಡು ಕೂತ ಮಗು ಕಂಡಿತು. ನನ್ನ ನೋಟ ಆಗ ಒಂದು ಕೊಳವೆಯಷ್ಟೇ ಉಳಿದಿತ್ತು. ಅದರಲ್ಲಿ ಮಗುವಿನ ಮುಖ ಕಂಡರೆ ನನ್ನ ಕಾಲಬುಡದ ನೆಲ ಕಾಣುತ್ತಿರಲಿಲ್ಲ. ನೆಟ್ಟಗೆ ಅವಳ ಕಡೆ ನಡೆದೆ.

ನನ್ನನ್ನು ನಿಲ್ಲಿಸಿದ್ದು ಮೂಗು. ಹಳೆಯ ಜೋಳದ ಹುಳಿ ಹುಳಿ ಬಿಸಿ ವಾಸನೆ ನೆಲದಿಂದ ಎದ್ದು ಮುಖಕ್ಕೆ ಹೊಡೆಯಿತು. ಎತ್ತಿದ ಕಾಲನ್ನು ಮೆಲ್ಲಗೆ ಕೆಳಗಿಟ್ಟೆ. ಬೆರಳಿಗೆ ಗೋಣಿತಟ್ಟು ತಾಕಿತು. ಇನ್ನಿಷ್ಟು ಒತ್ತಿದೆ. ತಟ್ಟಿನ ಕೆಳಗೆ ಏನೂ ಇರಲಿಲ್ಲ.

ಹೇಗೆ ಹಿಂದೆ ಬಂದೆನೋ ತಿಳಿಯದು, ಅಂಗಳದಲ್ಲಿ ಕೂತುಬಿಟ್ಟಿದ್ದೆ. ಅತ್ತೆ ಒಳಗಿನಿಂದ ಬಂದವರು ಹಣೆ ಹಣೆ ಬಡಿದುಕೊಂಡರು.

"ಮುಳ್ಳ ತಗದಾಕಿ ನಾನ ಯವ್ವಾ. ನಿನ್ನ ಕಾಲಿಗೆ ನಟ್ಟೀತಂತ ತಗದು ಕೊಟ್ಟಗಿ ಕಡೆ ಹಾಕಿದ್ನಿ. ಹಗೇವಿನ ಬಾಯಿ ತೆರದ ಇರಬಾರದಂತ ಮ್ಯಾಲೆ ತಟ್ಟ ಹೊಚ್ಚಿದ್ನಿ. ಎಂಥಾ ಕೆಲಸ ಮಾಡೀನಲ್ಲೋ ಶಿವನ!"

ನನ್ನ ಕಾಲಿಗೆ ಚುಚ್ಚಬಾರದೆಂದು ತೆಗೆದ ಮುಳ್ಳು ಮೊಮ್ಮಗಳ ಕಾಲಿಗೆ ನಟ್ಟಿತ್ತು. ನನಗೆ ಸಿಟ್ಟಿನಿಂದ ಮೈ ಕುದಿಯುತ್ತಿತ್ತು, ಆ ಮುದುಕಿಯ ಅಳು ಕೇಳಲಿಕ್ಕೂ ಆಗುತ್ತಿರಲಿಲ್ಲ. ಚುರುಕು ನಾಲಿಗೆಯವಳಿಗೆ ಆ ದಿನ ಬಂದದ್ದು ಒಂದೇ ಮಾತು.

"ಮುಳ್ಳ ಅಲ್ಲೇ ಇರಬೇಕಿತ್ರಿ, ಅತ್ತೀ."

ಆ ಮಾತು ಆಡಿದ ಮೇಲೆ ಅದು ನನ್ನನ್ನೇ ಬಿಡಲಿಲ್ಲ. ಮುಳ್ಳಿದ್ದಿದ್ದರೆ ಕಾಲಿಗೆ ನೋವಾಗುತ್ತಿತ್ತು, ನಿಲ್ಲುತ್ತಿದ್ದೆ. ಮೆತ್ತಗೆ ಮಾಡಿದ್ದರಿಂದಲೇ ಸಾಯುವುದಿತ್ತು. ವಿಜಾಪುರಕ್ಕೆ ಬಂದವಳೇ ಇವರಿಗೆ ಹೇಳಿದೆ, ಆ ಸಿಮೆಂಟಿನ ಮನೆ ಬೇಡ, ಹೊಸ್ತಿಲು ಇರುವ ಮನೆ ಬೇಕು.

ಇವರು ರೇಗಿದರು. "ಹೊಸ್ತಿಲ ಬ್ಯಾಡ ಅಂದಾಕಿನೂ ನೀನ, ಬೇಕ ಅನ್ನಾಕಿನೂ ನೀನ. ಆ ಮನಶಾಗ ನಾ ಏನಂತ ಹೇಳ್ಲಿ? ನನ್ನ ಹೇಂತಿಗೆ ಎಡವಾಕ ಹೊಸ್ತಿಲ ಬೇಕಂತ ಅಂತ ಹೇಳ್ಲೇನು?"

"ಏನೂ ಹೇಳಬ್ಯಾಡ್ರಿ. ಒಮ್ಮೆ ಆ ಮನಿಗೆ ಬರ್ರಿ ನನ್ನ ಕೂಡ."

ಕೀಲಿ ತಂದು ಬಾಗಿಲು ತೆರೆದರು. ಪಡಸಾಲೆಯ ನಟ್ಟನಡುವೆ ಇವರನ್ನು ನಿಲ್ಲಿಸಿ, ಇವರದೇ ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಬಿಗಿಯಾಗಿ ಕಟ್ಟಿದೆ. ಎರಡು ಸುತ್ತು ತಿರುಗಿಸಿದೆ. "ಈಗ ಅಡಗಿಮನಿಗೆ ಹೋಗಿ ನೀರ ತಂದಕೊಡ್ರಿ" ಎಂದು ಸರಿದು ನಿಂತೆ.

ಇವರು ಮೊದಲು ನಕ್ಕರು. ನಾಲ್ಕು ಹೆಜ್ಜೆ ಹೋದರು. ಆ ನುಣುಪು ನೆಲ ಎಲ್ಲ ಕಡೆಗೂ ಒಂದೇ ಸಮ, ಎಲ್ಲಿದ್ದೀರಿ ಎಂದು ಪಾದಕ್ಕೆ ಏನೂ ಹೇಳುವುದಿಲ್ಲ. ಬರಿದಾದ ಪಡಸಾಲೆಯಲ್ಲಿ ಸದ್ದು ನಾಲ್ಕೂ ಗೋಡೆಯಿಂದ ಬರುತ್ತದೆ. ಗೋಡೆ ಮುಟ್ಟಿದರು, ಸವರುತ್ತ ಹೋದರು, ಬಾಗಿಲು ಸಿಗಲಿಲ್ಲ. ತಿರುಗಿ ನಡುವಿಗೆ ಬಂದರು. ಕೈ ಮುಂದೆ ಚಾಚಿ ನಿಂತರು. ನಾನು ಬೇಕೆಂದೇ ಉಸಿರು ಬಿಗಿಹಿಡಿದಿದ್ದೆ.

"ನೀಲಾ" ಎಂದರು. "ಎಲ್ಲಿದ್ದೀ?"

ಮದುವೆಯಾಗಿ ಎಂಟು ವರ್ಷದಲ್ಲಿ ಇವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಇಲ್ಲದಿದ್ದರೆ ಏ, ಇಲ್ಲವೇ ಕಮಲೀ ಅವ್ವಾ. ಹತ್ತಿರ ಹೋಗಿ ಕೈ ಹಿಡಿದೆ. ಇವರು ವಲ್ಲಿ ಬಿಚ್ಚಲಿಲ್ಲ, ಅದರಿಂದಲೇ ಮುಖ ಒತ್ತಿಕೊಂಡರು. ಡಾಕ್ಟರು ಹೇಳಿದ್ದು ಇವರಿಗೆ ಅವತ್ತು ತಿಳಿಯಿತು. ನನ್ನ ಹಟ ಗೆದ್ದಿತ್ತು, ಆದರೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಈಗಿರುವ ಮನೆ ಹಳೆಯದು, ಪೇಟೆಯ ಒಳಗೆ. ನೋಡಿದವರು ಮೂಗು ಮುರಿದರು. ಬೆಳಕು ಕಡಿಮೆ, ಪಡಸಾಲೆ ಇಕ್ಕಟ್ಟು. ಇಕ್ಕಟ್ಟೇ ನನಗೆ ಬೇಕಿತ್ತು, ಎರಡೂ ಕೈ ಚಾಚಿದರೆ ಗೋಡೆ ಸಿಗುತ್ತದೆ. ಮೂರು ಹೊಸ್ತಿಲು, ಒಂದೊಂದು ಒಂದೊಂದು ಎತ್ತರ. ಪಡಸಾಲೆಗೆ ತಣ್ಣನೆಯ ಫರಸಿಕಲ್ಲು, ಅಡಿಗೆಮನೆಗೆ ಸಗಣಿ ಸಾರಿಸಿದ ಮಣ್ಣಿನ ನೆಲ, ಹಿತ್ತಲಿಗೆ ಚುಚ್ಚುವ ಹರಳಿನ ಗರಸುಮಣ್ಣು. ಯಾವ ಕಡೆ ಬಂದಿದ್ದೇನೆ ಎಂದು ಪಾದವೇ ಹೇಳುತ್ತದೆ. ಹಿತ್ತಲ ಮೂಲೆಯಲ್ಲಿ ಭೂತನಾಳ ಕೆರೆಯ ನೀರಿನ ನಳ. ಅದರ ತಿರುಗಣಿ ಸ್ವಲ್ಪ ಸೋರುತ್ತದೆ. ರಿಪೇರಿ ಮಾಡಿಸುತ್ತೇನೆ ಎಂದು ಇವರು ಹೊರಟಾಗ ತಡೆದೆ. ಆ ಟಪ್ ಟಪ್ ಇರುವ ತನಕ ಹಿತ್ತಲು ಯಾವ ಕಡೆ ಎಂದು ಯಾರನ್ನೂ ಕೇಳಬೇಕಿಲ್ಲ.

ಕಣ್ಣಿರುವಾಗಲೇ ದಿನಕ್ಕೆ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡು ಆ ಮನೆಯನ್ನು ಕಲಿತೆ. ಮೊಣಕಾಲು ಒಡೆದುಕೊಂಡೆ, ಕೈ ಸುಟ್ಟುಕೊಂಡೆ, ಕೆಲವು ದಿನ ಸಿಟ್ಟಿಗೆ ಗಡಿಗೆ ಒಡೆದೆ. ಇದು ಬೇಗ ಬರುತ್ತದೆ ಎಂದು ಯಾರಿಗೂ ಸುಳ್ಳು ಹೇಳುವುದಿಲ್ಲ. ಮನೆಯಲ್ಲಿ ಒಂದು ಕಟ್ಟಳೆ ಮಾಡಿದೆ, ಎತ್ತಿದ್ದನ್ನು ಎತ್ತಿದಲ್ಲಿಯೇ ಇಡಬೇಕು. ಇವರ ಚಪ್ಪಲಿಗೂ ಜಾಗವಿದೆ, ಕಮಲಿಯ ಪಾಟಿಚೀಲಕ್ಕೂ ಇದೆ. ಅತ್ತೆ ಬಂದರೆ ಇಲ್ಲದ ಕೆಮ್ಮು ಕೆಮ್ಮುತ್ತ ಓಡಾಡುತ್ತಾರೆ, ತಾವು ಎಲ್ಲಿದ್ದೇವೆ ಎಂದು ನನಗೆ ತಿಳಿಯಲಿ ಎಂದು. ಒಂದು ಮಣೆಯನ್ನೂ ಸರಿಸುವುದಿಲ್ಲ.

ಸ್ವಾತಂತ್ರ್ಯ ಬಂದ ವರ್ಷದ ಹೊತ್ತಿಗೆ ನೋಟವೆಲ್ಲ ಮುಗಿದಿತ್ತು. ಕಚೇರಿಯ ಮುಂದೆ ಹೊಸ ಬಾವುಟ ಏರಿಸಿದಾಗ ಇವರು ಕರೆದುಕೊಂಡು ಹೋಗಿದ್ದರು. ಬಟ್ಟೆ ಗಾಳಿಗೆ ಬಡಿದುಕೊಳ್ಳುವ ಸದ್ದು ನಾನು ಕೇಳಿದೆ, ಬಣ್ಣಗಳನ್ನು ಕಮಲಿ ಹೇಳಿದಳು. ಮನೆಗೆ ಬಂದು ನಾನೇ ಒಲೆ ಹಚ್ಚಿ, ನಾನೇ ರೊಟ್ಟಿ ಬಡಿದೆ. ಬೇಕೆಂದದ್ದು ಸಿಕ್ಕಿತ್ತು. ನಾಳೆಗಾಗಿ ನಾನು ಆರಿಸಿದ ಮನೆ ನನಗೆ ಒಂದು ದಿನವೂ ಮೋಸ ಮಾಡಿಲ್ಲ. ಎಲ್ಲವೂ ಇಟ್ಟಲ್ಲೇ ಇದೆ.

ಹಾಗೆಂದು ಹೋದ ವಾರದ ತನಕ ನಂಬಿದ್ದೆ. ಈಗ ಹದಿನಾಲ್ಕಕ್ಕೆ ಬಿದ್ದಿರುವ ಕಮಲಿ ಸಾಲೆಯಿಂದ ಬಂದು ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತದ್ದು ತಿಳಿಯಿತು. ದಿನಾ ಅವಳು ನನ್ನ ಮುಂದೆ ಕೂತು ಹೆರಳು ಹಾಕಿಸಿಕೊಳ್ಳುವವಳು, ಪಕ್ಕದಲ್ಲಿ ಕೂತು ಉಣ್ಣುವವಳು. ನಿಂತವಳನ್ನು ಮುಟ್ಟಿ ಬಹಳ ದಿನವಾಗಿತ್ತು. ಏನೋ ಮಾತಿಗೆ ಮುದ್ದು ಬಂದು ಕೆನ್ನೆ ಹಿಂಡಲು ಕೈ ಚಾಚಿದೆ. ನಾನು ಕಡೆಯ ಸಲ ನೋಡಿದ ಕೆನ್ನೆ ಎಲ್ಲಿತ್ತೋ ಕೈ ತಾನಾಗಿ ಅಲ್ಲಿಗೇ ಹೋಯಿತು. ಸಿಕ್ಕದ್ದು ಕೆನ್ನೆಯಲ್ಲ, ಹೆಗಲು. ಯಾರೋ ಪರಕೀಯ ಹೆಂಗಸಿನದು ಎನ್ನುವಂಥ ಹೆಗಲು. ಬೆಚ್ಚಿ ಕೈ ತೆಗೆದುಕೊಂಡೆ.

"ನಾ ಇಲ್ಲೇ ಅದೀನಿ ಅವ್ವಾ" ಎಂದಳು. "ಸ್ವಲ್ಪ ಮ್ಯಾಲೆ."

ನನ್ನ ಕೈ ಹಿಡಿದು ಮೇಲಕ್ಕೆತ್ತಿ ಕೆನ್ನೆಗೆ ಇಟ್ಟುಕೊಂಡಳು. ಆ ಎತ್ತರವನ್ನು ಗುರುತಿಟ್ಟುಕೊಂಡಿದ್ದೇನೆ, ಬಾಗಿಲ ಚೌಕಟ್ಟಿನ ಕಟ್ಟಿಗೆಯಲ್ಲಿ ಒಂದು ಗಂಟು ಇದೆ, ಸರಿಯಾಗಿ ಅದರ ಮಟ್ಟಕ್ಕೆ. ಬರುವ ವರ್ಷ ಅವಳ ಕೆನ್ನೆ ಅಲ್ಲಿಯೂ ಇರುವುದಿಲ್ಲ.